ವೆಬ್ ಫೀಡಿನಲ್ಲಿ ಯಾವ ಮಾಹಿತಿ ಇರಬೇಕು, ಯಾವುದು ಬೇಡ: ಪದೇ ಪದೇ ಕೇಳುವ ಪ್ರಶ್ನೆಗಳು

ಸೈಟಿನಲ್ಲಿ ಹೊಸದೇನು ಬಂದಿದೆ ಎಂದು ತಂತ್ರಾಂಶ ಓದಿಕೊಳ್ಳಲು ಇಡುವ ಫೈಲೇ ವೆಬ್ ಫೀಡ್. ಅದನ್ನು ತಂದು ನಮಗೆ ತೋರಿಸುವ ತಂತ್ರಾಂಶ ಫೀಡ್ ರೀಡರ್. ಫೀಡಿನ ಮಾತು ಬಂದಾಗಲೆಲ್ಲ ಅವೇ ಪ್ರಶ್ನೆಗಳು ಸುತ್ತಿ ಸುತ್ತಿ ಬರುತ್ತವೆ. ಕೇಳಿದವರ ಮಾತನ್ನು ಹಾಗೇ ಇಟ್ಟು ಉತ್ತರ ಬರೆದಿದ್ದೇನೆ. ಎಲ್ಲಿಂದ ಬೇಕಾದರೂ ಓದಿಕೊಳ್ಳಿ. ಮೊದಲ ಭಾಗಕ್ಕೆ ಎಕ್ಸ್‌ಎಂಎಲ್ (ಹೆಚ್ಚಿನ ಫೀಡುಗಳನ್ನು ಬರೆಯುವ ಟ್ಯಾಗುಗಳ ಭಾಷೆ) ಗೊತ್ತಿರಬೇಕಿಲ್ಲ. ಕೊನೆಯ ಭಾಗಕ್ಕೆ ಸ್ವಲ್ಪ ಗೊತ್ತಿದ್ದರೆ ಅನುಕೂಲ.

## ಶುರುವಿಗೆ

ಫೀಡ್ ಅಂದ್ರೆ ಲೇಖನಗಳ ಪಟ್ಟಿ ತಾನೆ? ಅದರಲ್ಲಿ ಮೆಟಾಡೇಟಾ ಎಲ್ಲಿಂದ ಬಂತು?

ಪಟ್ಟಿಯೇ ಮೆಟಾಡೇಟಾ, ಅಂದರೆ ಬರಹದ ಬಗೆಗಿನ ಮಾಹಿತಿ. 1999ರ ಮಾರ್ಚ್‌ನಲ್ಲಿ ನೆಟ್‌ಸ್ಕೇಪ್ ತನ್ನ ಮೈ ನೆಟ್‌ಸ್ಕೇಪ್ ಪುಟಕ್ಕಾಗಿ ಆರ್‌ಎಸ್‌ಎಸ್ ಎಂಬ ಫೀಡ್ ಮಾದರಿಯ 0.90 ಆವೃತ್ತಿಯನ್ನು ಹೊರತಂದಾಗ ಅದರ ಐಟಂಗಳಲ್ಲಿ (ಪಟ್ಟಿಯ ಒಂದೊಂದು ನಮೂದಿನಲ್ಲಿ) ಬರಹವೇ ಇರಲಿಲ್ಲ. ಒಂದು ಶೀರ್ಷಿಕೆ, ಒಂದು ಕೊಂಡಿ, ಅಷ್ಟೇ. ಅದೇ ವರ್ಷ ಜುಲೈನಲ್ಲಿ ಬಂದ 0.91ರಲ್ಲಿ ಐಟಂಗೊಂದು ವಿವರಣೆ ಸೇರಿತು. ಅದಕ್ಕೂ 500 ಅಕ್ಷರದ ಮಿತಿ, ಒಂದು ಫೀಡಿಗೆ 15 ಐಟಂಗಳ ಮಿತಿ. ಇಡೀ ಲೇಖನವನ್ನು ಫೀಡಿಗೇ ತುಂಬುವ ರೂಢಿ ಆಮೇಲೆ ಬಂದದ್ದು. ಇವತ್ತಿಗೂ ಫೀಡ್ ರೀಡರ್ ಕೆಲಸ ಮಾಡುವುದು ಲೇಖನದ ಮೇಲಲ್ಲ. ಇದು ಹೊಸದೋ ಹಳೆಯದೋ, ಯಾರದ್ದು, ಯಾವಾಗಿನದ್ದು, ಒತ್ತಿದರೆ ಎಲ್ಲಿಗೆ ಹೋಗಬೇಕು ಎಂಬ ಸುತ್ತಲಿನ ವಿವರಗಳ ಮೇಲೆ.

ಆರ್‌ಎಸ್‌ಎಸ್ ಇದ್ದ ಮೇಲೆ ಆಟಮ್ ಯಾಕೆ ಬೇಕಾಯ್ತು? ಎರಡೂ ಒಂದೇ ಕೆಲಸ ಮಾಡ್ತಾವಲ್ಲ?

ಫೀಡಿನಲ್ಲಿ ಯಾವ ಎಲಿಮೆಂಟ್ (ಶೀರ್ಷಿಕೆ, ಕೊಂಡಿಯಂಥ ಒಂದೊಂದು ಅಂಗ) ಇರಬೇಕು, ಅದನ್ನು ಯಾರು ತೀರ್ಮಾನಿಸಬೇಕು ಎಂಬ ಜಗಳದಿಂದ. 2000ದ ಡಿಸೆಂಬರಿನಲ್ಲಿ ಒಂದೇ ಹೆಸರಿನ ಎರಡು ಬೇರೆ ಬೇರೆ ದಾರಿಗಳು ಕಾಣಿಸಿಕೊಂಡವು. ಒಂದು ಗುಂಪಿನ ಆರ್‌ಎಸ್‌ಎಸ್ 1.0 ಆರ್‌ಡಿಎಫ್ ಎಂಬ ಮೆಟಾಡೇಟಾ ಮಾದರಿಯ ಮೇಲೆ ನಿಂತಿತ್ತು. ತಿರುಳು ಚಿಕ್ಕದಿರಲಿ, ಉಳಿದದ್ದು ಮಾಡ್ಯೂಲ್‌ಗಳಲ್ಲಿ ಬರಲಿ ಎಂಬುದು ಅವರ ನಿಲುವು. ಬ್ಲಾಗ್ ಸಾಫ್ಟ್‌ವೇರ್ ಮಾಡುತ್ತಿದ್ದ ಡೇವ್ ವೈನರ್ ಅವರ 0.92 ಸರಳ ದಾರಿಯಲ್ಲೇ ಮುಂದುವರಿದು ಬೇಕಾದ್ದನ್ನು ನೇರವಾಗಿ ತಿರುಳಿಗೇ ಸೇರಿಸಿತು. 2002ರಲ್ಲಿ ಬಂದ ಆರ್‌ಎಸ್‌ಎಸ್ 2.0 ಈ ಎರಡನೆಯ ಸಾಲಿನದು. 2003ರ ಜುಲೈನಲ್ಲಿ ಅದರ ಹಕ್ಕು ಹಾರ್ವರ್ಡಿನ ಬರ್ಕ್‌ಮನ್ ಸೆಂಟರ್‌ಗೆ ಹೋಯಿತು. ಇನ್ನು ಮುಖ್ಯ ಬದಲಾವಣೆ ಇಲ್ಲ, ಬೇಕಿದ್ದವರು ನೇಮ್‌ಸ್ಪೇಸ್‌ನಲ್ಲಿ, ಅಂದರೆ ತಮ್ಮದೇ ಹೆಸರಿನ ಪ್ರತ್ಯೇಕ ಎಲಿಮೆಂಟುಗಳ ಗುಂಪಿನಲ್ಲಿ, ಸೇರಿಸಿಕೊಳ್ಳಿ ಎಂದು ಬಾಗಿಲು ಹಾಕಿದರು.

ಅದಕ್ಕೆ ಸ್ವಲ್ಪ ಮೊದಲು, ಜೂನ್ 2003ರಲ್ಲಿ, ಪ್ರೋಗ್ರಾಮರ್ ಸ್ಯಾಮ್ ರೂಬಿ ಒಂದು ವಿಕಿ ತೆರೆದು ಮೂಲದ ಪ್ರಶ್ನೆಯನ್ನೇ ಕೇಳಿದರು: ಒಂದು ಬರಹಕ್ಕೆ ಅಸಲಿಗೆ ಏನೇನು ಅಂಗಗಳಿರಬೇಕು? ಅಲ್ಲಿಂದ ಹೊರಟದ್ದು ಅಂತರ್ಜಾಲದ ಮಾನಕಗಳನ್ನು ರೂಪಿಸುವ ಐಇಟಿಎಫ್‌ನ ಕಾರ್ಯಗುಂಪಾಗಿ 2005ರ ಡಿಸೆಂಬರಿನಲ್ಲಿ ಆರ್‌ಎಫ್‌ಸಿ 4287 ಎಂಬ ಮಾನಕ ದಾಖಲೆ ಆಯಿತು. ಅದೇ ಆಟಮ್. ನನ್ನ ಮಟ್ಟಿಗೆ ಆ ಕಸರತ್ತಿನ ದೊಡ್ಡ ಲಾಭ ಹೊಸ ಎಲಿಮೆಂಟುಗಳಲ್ಲ. ಪ್ರತಿಯೊಂದರ ಅರ್ಥವನ್ನೂ ಜಗಳ ಬರದ ಹಾಗೆ ಬರೆದಿಟ್ಟರಲ್ಲ, ಅದು.

ಕಡ್ಡಾಯ ಅಂತ ಇರೋದು ಯಾವ್ಯಾವುದು? ನೇರವಾಗಿ ಹೇಳಿ.

ಆರ್‌ಎಸ್‌ಎಸ್ 2.0ರಲ್ಲಿ ಇಡೀ ಚಾನೆಲ್‌ಗೆ (ಅಂದರೆ ಫೀಡಿಗೆ) ಶೀರ್ಷಿಕೆ, ಕೊಂಡಿ, ವಿವರಣೆ. ಐಟಂನಲ್ಲಿ ಯಾವುದೂ ಕಡ್ಡಾಯವಲ್ಲ. ಶೀರ್ಷಿಕೆ ಅಥವಾ ವಿವರಣೆ, ಎರಡರಲ್ಲೊಂದು ಇದ್ದರೆ ಸಾಕು. ಆಟಮ್‌ನಲ್ಲಿ ಫೀಡಿಗೂ ಪ್ರತಿ ಎಂಟ್ರಿಗೂ (ಐಟಂಗೆ ಅಲ್ಲಿನ ಹೆಸರು) ಐಡಿ ಎಂಬ ಗುರುತು, ಶೀರ್ಷಿಕೆ, ಅಪ್‌ಡೇಟೆಡ್ ದಿನಾಂಕ. ಜೊತೆಗೆ ಲೇಖಕ, ಒಂದೋ ಫೀಡಿನ ಮಟ್ಟದಲ್ಲಿ, ಇಲ್ಲವೇ ಎಲ್ಲ ಎಂಟ್ರಿಗಳಲ್ಲೂ. 2017ರಲ್ಲಿ ಬ್ರೆಂಟ್ ಸಿಮನ್ಸ್ ಮತ್ತು ಮ್ಯಾಂಟನ್ ರೀಸ್ ತಂದ, ಎಕ್ಸ್‌ಎಂಎಲ್ ಬದಲು ಜೇಸನ್ ಎಂಬ ರೂಪದಲ್ಲಿ ಬರೆಯುವ ಜೇಸನ್ ಫೀಡ್‌ನಲ್ಲಿ ಐಟಂಗೆ ಐಡಿ ಮತ್ತು ಏನಾದರೊಂದು ಬರಹ ಇರಬೇಕು, ಶೀರ್ಷಿಕೆ ಬೇಕೆಂದೇನಿಲ್ಲ.

ಒಂದು ಎಲಿಮೆಂಟ್ ಬೇಕೋ ಬೇಡವೋ ಅಂತ ಯಾವ ಲೆಕ್ಕದಲ್ಲಿ ತೀರ್ಮಾನ ಮಾಡೋದು? ಇದ್ರೆ ಒಳ್ಳೇದು ಅಂತ ಎಲ್ಲರೂ ಹೇಳ್ತಾರೆ.

"ಇದ್ರೆ ಒಳ್ಳೇದು" ಅನ್ನುವ ಮಾತೇ ಅಪಾಯ. ಮದುವೆ ಕಾಗದದಲ್ಲಿ ಸುಖಾಗಮನ ಬಯಸುವವರ ಪಟ್ಟಿ ಬೆಳೆಯುವುದು ಹೀಗೇ: ಒಬ್ಬರ ಹೆಸರು ಸೇರಿಸಲು ಎಲ್ಲರಿಗೂ ಧೈರ್ಯ, ತೆಗೆಯಲು ಯಾರಿಗೂ ಇಲ್ಲ.

ನಾನು ಮೊದಲು ಕೇಳುವುದು, ಈ ಮಾಹಿತಿ ಇದ್ದರೆ ರೀಡರ್ ಯಾವ ಕೆಲಸವನ್ನು ಬೇರೆ ಥರ ಮಾಡುತ್ತದೆ ಎಂದು. ವಿಂಗಡಿಸುತ್ತದೆಯೇ, ಅಡಗಿಸುತ್ತದೆಯೇ, ಮತ್ತೆ ತೋರಿಸುತ್ತದೆಯೇ? ಏನೂ ಇಲ್ಲ, ಪರದೆ ಮೇಲೆ ಸುಮ್ಮನೆ ಬರೆದು ತೋರಿಸುತ್ತದೆ ಅಂದರೆ ಅದನ್ನು ಬರಹದ ಒಳಗೇ ಬರೆದರಾಯಿತು. ಅದಾದ ಮೇಲೆ ತುಂಬುವವರ ಕಡೆಯ ಪ್ರಶ್ನೆ. ಬರೆಯುವವರನ್ನು ಪೀಡಿಸದೆ ಅವರ ಸಾಫ್ಟ್‌ವೇರ್ ಇದನ್ನು ನಿಜವಾಗಿ ತುಂಬಬಲ್ಲದೇ? ಕಡ್ಡಾಯ ಎಂದ ಕಡೆ ಮಾಹಿತಿ ಇಲ್ಲದಿದ್ದರೆ ಜನ ಏನೋ ಒಂದು ತುಂಬುತ್ತಾರೆ. ಆಟಮ್ ಲೇಖಕರ ಹೆಸರು ಬೇಕೇ ಬೇಕು ಎಂದದ್ದಕ್ಕೆ "ಅಡ್ಮಿನ್" ಎಂಬ ಲೇಖಕ ಎಷ್ಟು ಸೈಟುಗಳಲ್ಲಿ ಬರೆಯುತ್ತಿದ್ದಾನೋ ನೋಡಿ. ಖಾಲಿ ಜಾಗವಾದರೆ ರೀಡರ್‌ಗೆ ಗೊತ್ತಾಗುತ್ತದೆ. ಸುಳ್ಳು ತುಂಬಿದ್ದರೆ ಗೊತ್ತಾಗುವುದಿಲ್ಲ. ಇವೆರಡೂ ದಾಟಿದರೆ, ಇದನ್ನೇ ಎಚ್‌ಟಿಟಿಪಿಯೋ (ರೀಡರ್ ಮತ್ತು ಸರ್ವರ್ ಮಾತಾಡುವ ಪದ್ಧತಿ) ಎಕ್ಸ್‌ಎಂಎಲೋ ಈಗಾಗಲೇ ಹೇಳುತ್ತಿದೆಯೇ ಎಂದು ಕೊನೆಗೊಮ್ಮೆ ನೋಡಬೇಕು.

## ಒಂದೊಂದಾಗಿ

ಕೊಂಡಿ ಹೇಗೂ ಇದೆ, ಅದೇ ಗುರುತು ಆಯ್ತಲ್ಲ. ಐಡಿ ಅಂತ ಬೇರೆ ಯಾಕೆ?

ಎಲ್ಲ ಎಲಿಮೆಂಟುಗಳಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಐಡಿಯನ್ನೇ ಉಳಿಸಿಕೊಳ್ಳುತ್ತೇನೆ.

ಬ್ಲಾಗ್‌ಸ್ಪಾಟ್‌ನಲ್ಲಿ ಬರೆಯುತ್ತಿದ್ದವರು ಸ್ವಂತ ಡೊಮೈನ್ ಕೊಂಡರು ಎನ್ನಿ. ಎಲ್ಲ ಕೊಂಡಿಗಳೂ ಬದಲಾದವು. ಸೈಟು ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ಹೋದರೂ ಅಷ್ಟೇ, ಒಂದು ಅಕ್ಷರ ಹೆಚ್ಚಾಯಿತು, ಕಂಪ್ಯೂಟರ್ ಕಣ್ಣಿಗೆ ಅದು ಬೇರೆಯೇ ವಿಳಾಸ. ಕೊಂಡಿಯನ್ನೇ ಗುರುತು ಎಂದುಕೊಂಡ ರೀಡರ್ ಹಳೆಯ ಬರಹಗಳನ್ನೆಲ್ಲ ಹೊಸದೆಂದು ಓದುಗರ ಮುಂದೆ ಸುರಿಯುತ್ತದೆ. ಅದಕ್ಕೇ ಆಟಮ್ ಖಡಾಖಂಡಿತ ಮಾತು ಹೇಳಿತು: ಬರಹ ಸ್ಥಳಾಂತರವಾದರೂ, ಬೇರೆ ಸಾಫ್ಟ್‌ವೇರಿಗೆ ಹೋದರೂ, ಮರುಪ್ರಕಟವಾದರೂ ಐಡಿ ಬದಲಾಗಕೂಡದು. ಎರಡು ಐಡಿ ಒಂದೇ ಹೌದೋ ಅಲ್ಲವೋ ಎಂಬುದನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಬೇಕು. ದೊಡ್ಡಕ್ಷರ ಚಿಕ್ಕಕ್ಷರದ ವ್ಯತ್ಯಾಸವೂ ಲೆಕ್ಕಕ್ಕೆ.

ಬ್ಲಾಗರ್ ಕೊಡುವ ಆಟಮ್ ಫೀಡನ್ನು ಬಿಚ್ಚಿ ನೋಡಿ. ಐಡಿ ಶುರುವಾಗುವುದು ಟ್ಯಾಗ್ ಎಂಬ ಪದದಿಂದ, ಆಮೇಲೆ ಬ್ಲಾಗರ್ ಡಾಟ್ ಕಾಮ್, ಅಲ್ಪವಿರಾಮ, 1999, ಕೊನೆಗೆ ಬ್ಲಾಗ್ ಮತ್ತು ಪೋಸ್ಟಿನ ಸಂಖ್ಯೆ. ಅದನ್ನು ಬ್ರೌಸರಿನಲ್ಲಿ ಹಾಕಿದರೆ ಯಾವ ಪುಟವೂ ತೆರೆಯುವುದಿಲ್ಲ. ತೆರೆಯಬಾರದು ಎಂಬುದೇ ಉದ್ದೇಶ: ವಿಳಾಸವಲ್ಲದ್ದಕ್ಕೆ ವಿಳಾಸ ಬದಲಾವಣೆಯ ಭಯವಿಲ್ಲ.

ಆರ್‌ಎಸ್‌ಎಸ್ 2.0ರ ಗೈಡ್ (guid) ಎಲಿಮೆಂಟ್ ಇದೇ ಕೆಲಸಕ್ಕೆ ಬಂದದ್ದು, ಆದರೆ ಐಚ್ಛಿಕ. ಮೇಲಾಗಿ ಅದರಲ್ಲೊಂದು ಹೊಂಡ ಇದೆ. ಏನೂ ಹೇಳದಿದ್ದರೆ ಗೈಡ್ ಅನ್ನು ಶಾಶ್ವತ ಕೊಂಡಿ ಎಂದೇ ರೀಡರ್ ತಿಳಿಯಬೇಕು. ಸುಮ್ಮನೆ ಒಂದು ಸಂಖ್ಯೆ ಕೊಟ್ಟರೆ ಅದನ್ನೇ ಕೊಂಡಿ ಮಾಡಿ ತೋರಿಸುತ್ತದೆ, ಒತ್ತಿದರೆ ಎಲ್ಲಿಗೂ ಹೋಗುವುದಿಲ್ಲ. ವರ್ಡ್‌ಪ್ರೆಸ್ ತನ್ನ ಗೈಡ್ ಜೊತೆ ಇದು ಶಾಶ್ವತ ಕೊಂಡಿಯಲ್ಲ ಎಂದು ಬರೆದುಬಿಡುತ್ತದೆ. ನೀವೂ ಹಾಗೇ ಮಾಡಿ.

ದಿನಾಂಕ ಒಂದು ಸಾಲದಾ? ಬರೆದದ್ದು, ಪ್ರಕಟಿಸಿದ್ದು, ತಿದ್ದಿದ್ದು ಅಂತ ಮೂರು ಮೂರು ಇಡಬೇಕಾ?

ಆಟಮ್ 0.3ರಲ್ಲಿ ಸರಿಯಾಗಿ ಈ ಮೂರೂ ಇದ್ದವು. 1.0 ಹೊತ್ತಿಗೆ ಎರಡಾದವು. ಪಬ್ಲಿಶ್ಡ್, ಅದು ಐಚ್ಛಿಕ. ಅಪ್‌ಡೇಟೆಡ್, ಅದು ಕಡ್ಡಾಯ. ಬರೆದ ದಿನಾಂಕ ಬಿದ್ದುಹೋದದ್ದು ಸರಿಯೇ. ಕರಡು ಯಾವಾಗ ಶುರುವಾಯಿತೆಂದು ತಿಳಿದು ರೀಡರ್ ಏನು ಮಾಡಬೇಕು?

ಗಟ್ಟಿ ವಾದ ನಡೆದದ್ದು ತಿದ್ದಿದ ದಿನಾಂಕದ ಬಗ್ಗೆ. ಪ್ರತಿ ಬದಲಾವಣೆಯೂ ಫೀಡಿನಲ್ಲಿ ದಾಖಲಾಗಲಿ ಎಂದು ಒಂದು ಪಕ್ಷ. ಒಂದು ಕಾಗುಣಿತ ತಿದ್ದಿದ್ದಕ್ಕೆಲ್ಲ ಓದುಗರ ಬಾಗಿಲು ಬಡಿಯಬೇಕೇ ಎಂದು ಇನ್ನೊಂದು. ಕೊನೆಗೆ ಗೆದ್ದದ್ದು ಎರಡನೆಯದು: ಪ್ರಕಟಿಸಿದವರು ಮುಖ್ಯವೆಂದು ಭಾವಿಸಿದ ಬದಲಾವಣೆ ಆದಾಗ ಮಾತ್ರ ಅಪ್‌ಡೇಟೆಡ್ ಬದಲಾಗಬೇಕು. ಯಂತ್ರಕ್ಕೆ ಈ ವ್ಯಾಖ್ಯೆ ಹಿಡಿಯಲಾರದಷ್ಟು ಸಡಿಲ, ಒಪ್ಪುತ್ತೇನೆ. ಆದರೆ ಬರೆಯುವವರ ವಿವೇಚನೆಗೆ ಜಾಗ ಕೊಟ್ಟ ನಿಯಮವನ್ನೇ ಜನ ಪಾಲಿಸುತ್ತಾರೆ.

ದಿನಾಂಕ ಬರೆಯುವ ರೀತಿಯೂ ಕನ್ನಡದವರಿಗೆ ಕಾಡುತ್ತದೆ. ಆರ್‌ಎಸ್‌ಎಸ್ ಕೇಳುವುದು ಹಳೆಯ ಇಮೇಲ್ ಮಾನಕ ಆರ್‌ಎಫ್‌ಸಿ 822ರ ಶೈಲಿ. ಅದರಲ್ಲಿ ತಿಂಗಳ ಹೆಸರು ಇಂಗ್ಲಿಷಿನ ಮೂರಕ್ಷರ. ಸೈಟಿನ ಭಾಷೆಯನ್ನು ಕನ್ನಡಕ್ಕೆ ತಿರುಗಿಸಿದಾಗ ದಿನಾಂಕ ಬರೆಯುವ ಫಂಕ್ಷನ್ನೂ ಕನ್ನಡಕ್ಕೆ ತಿರುಗಿದರೆ ಅಲ್ಲಿ "ಜನವರಿ" ಬಂದು ಕೂರುತ್ತದೆ. ಪುಟದಲ್ಲಿ ನೋಡಲು ಚಂದ, ಫೀಡಿನಲ್ಲಿ ಕೆಟ್ಟ ದಿನಾಂಕ. ಆಟಮ್‌ನ ಆರ್‌ಎಫ್‌ಸಿ 3339 ಶೈಲಿಯಲ್ಲಿ ವರ್ಷ, ತಿಂಗಳು, ದಿನ ಎಲ್ಲವೂ ಅಂಕಿ, ತಿಂಗಳ ಹೆಸರಿನ ಗೊಡವೆಯೇ ಇಲ್ಲ.

ನಾನು ಬರೆಯೋದು ಎರಡೆರಡು ಸಾಲು. ಅದಕ್ಕೆಲ್ಲಾ ಟೈಟಲ್ ಎಲ್ಲಿಂದ ತರಲಿ?

ತರಬೇಡಿ. ಆರ್‌ಎಸ್‌ಎಸ್ 2.0ರಲ್ಲಿ ವಿವರಣೆ ಇದ್ದರೆ ಶೀರ್ಷಿಕೆ ಬಿಡಬಹುದು. ಜೇಸನ್ ಫೀಡ್ ಬರುವ ಹೊತ್ತಿಗೆ ಚಿಕ್ಕ ಬರಹಗಳ ಕಾಲ ಬಂದಿದ್ದರಿಂದ ಅಲ್ಲೂ ಬಿಡಬಹುದು. ಆಟಮ್ ಮಾತ್ರ ಶೀರ್ಷಿಕೆಯ ಎಲಿಮೆಂಟ್ ಇರಲೇಬೇಕು ಎನ್ನುತ್ತದೆ, ಖಾಲಿ ಇದ್ದರೂ ನಿಯಮಭಂಗವಲ್ಲ. ಬರಹದ ಮೊದಲ ಐದು ಪದ ಕತ್ತರಿಸಿ ಶೀರ್ಷಿಕೆ ಮಾಡಿದರೆ ಓದುಗರು ಅದೇ ಮಾತನ್ನು ಎರಡು ಸಲ ಓದಬೇಕಾಗುತ್ತದೆ.

ಲೇಖಕರ ಹೆಸರು ಹಾಕೋಣ ಅಂದ್ರೆ ಇಮೇಲ್ ಕೇಳ್ತದೆ. ಸ್ಪ್ಯಾಮ್ ಬರಲ್ವಾ?

ಬರುತ್ತದೆ. ಆರ್‌ಎಸ್‌ಎಸ್ 2.0ರ ಆಥರ್ ಎಲಿಮೆಂಟ್ ಅಂದರೆ ಲೇಖಕರ ಇಮೇಲ್ ವಿಳಾಸ ಎಂದೇ ನಿಯಮ. ತುಂಬುವವರು ಯಾರು? ಹಾಗಾಗಿ ಹೆಚ್ಚಿನವರು ಡಬ್ಲಿನ್ ಕೋರ್ ಎಂಬ ಮೆಟಾಡೇಟಾ ಪದಪಟ್ಟಿಯ ನೇಮ್‌ಸ್ಪೇಸಿನಿಂದ ಕ್ರಿಯೇಟರ್ ಬಳಸಿ ಬರೀ ಹೆಸರು ಹಾಕಿದರು. ವರ್ಡ್‌ಪ್ರೆಸ್ ಇವತ್ತೂ ಮಾಡುವುದು ಅದನ್ನೇ. ಆಟಮ್ ಇದರಿಂದ ಪಾಠ ಕಲಿತು ಲೇಖಕರನ್ನು ಮೂರು ಭಾಗ ಮಾಡಿತು: ಹೆಸರು ಬೇಕು, ಜಾಲವಿಳಾಸ ಮತ್ತು ಇಮೇಲ್ ನಿಮ್ಮಿಷ್ಟ.

ಪೂರ್ತಿ ಲೇಖನ ಕೊಡಬೇಕಾ, ಸಾರಾಂಶ ಸಾಕಾ? ಎರಡಕ್ಕೂ ಡಿಸ್ಕ್ರಿಪ್ಷನ್ನೇ ಬಳಸ್ತಾರಲ್ಲ?

ಯಾವುದನ್ನು ಕೊಡಬೇಕು ಎಂಬುದು ನಿಮ್ಮ ವ್ಯವಹಾರ. ಕೊಟ್ಟದ್ದು ಯಾವುದೆಂದು ಫೀಡ್ ಹೇಳಬೇಕು, ಅಷ್ಟೇ ನನ್ನ ವಾದ. ಆರ್‌ಎಸ್‌ಎಸ್‌ನ ಡಿಸ್ಕ್ರಿಪ್ಷನ್‌ನಲ್ಲಿ ಸಾರಾಂಶವೂ ಇರಬಹುದು, ಇಡೀ ಲೇಖನವೂ ಇರಬಹುದು. ನೋಡಿ ಹೇಳುವ ಉಪಾಯವಿಲ್ಲ. ಅದಕ್ಕೇ ಆರ್‌ಎಸ್‌ಎಸ್ 1.0ರ ಮಾಡ್ಯೂಲಿನಿಂದ ಕಂಟೆಂಟ್ ಎನ್‌ಕೋಡೆಡ್ ಎರವಲು ತಂದರು. ಆಟಮ್‌ನಲ್ಲಿ ಸಮರಿ ಬೇರೆ, ಕಂಟೆಂಟ್ ಬೇರೆ.

ಅದಕ್ಕಿಂತ ದೊಡ್ಡ ತಲೆನೋವು, ಒಳಗಿರುವುದು ಸಾದಾ ಪಠ್ಯವೋ ಎಚ್‌ಟಿಎಂಎಲೋ ಎಂಬುದು. ಕೋನಾವರಣದೊಳಗಿನ ಬಿ ಟ್ಯಾಗನ್ನು ಹೇಗೆ ಬಳಸಬೇಕು ಎಂದು ಶೀರ್ಷಿಕೆಯಲ್ಲೇ ಆ ಟ್ಯಾಗನ್ನು ಬರೆದು ನೀವೊಂದು ಲೇಖನ ಹಾಕಿದಿರಿ ಎನ್ನಿ. ಒಂದು ರೀಡರ್ ಅದನ್ನು ಇದ್ದ ಹಾಗೇ ತೋರಿಸುತ್ತದೆ. ಇನ್ನೊಂದು ಅದನ್ನು ಆದೇಶ ಎಂದುಕೊಂಡು ಟ್ಯಾಗನ್ನು ನುಂಗಿ ಮುಂದಿನದನ್ನೆಲ್ಲ ದಪ್ಪಕ್ಷರ ಮಾಡುತ್ತದೆ. ಆರ್‌ಎಸ್‌ಎಸ್ ಪ್ರಕಾರ ಶೀರ್ಷಿಕೆಯಲ್ಲಿ ಯಾರು ಸರಿ ಎಂದು ಹೇಳಲಾಗುವುದಿಲ್ಲ. ಆಟಮ್ ಪ್ರತಿ ಪಠ್ಯಕ್ಕೂ ಟೈಪ್ ಎಂಬ ಗುಣ ಕೊಟ್ಟಿತು: ಟೆಕ್ಸ್ಟ್, ಎಚ್‌ಟಿಎಂಎಲ್ ಅಥವಾ ಎಕ್ಸ್‌ಎಚ್‌ಟಿಎಂಎಲ್. ಒಂದೇ ಪದ, ಆದರೆ ಆಟಮ್ ಮಾಡಿದ ಅತ್ಯಂತ ಉಪಯುಕ್ತ ಸೇರ್ಪಡೆ ಇದು.

ಸಾರಾಂಶವನ್ನು ಯಂತ್ರದಿಂದ ಕತ್ತರಿಸುವವರಿಗೆ ಒಂದು ಮಾತು. ಯುಟಿಎಫ್-8ರಲ್ಲಿ (ಯುನಿಕೋಡ್ ಪಠ್ಯವನ್ನು ಫೈಲಿನಲ್ಲಿ ಇಡುವ ರೀತಿ) ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್. "ಸ್ತ್ರೀ" ನಮ್ಮ ಕಣ್ಣಿಗೆ ಒಂದಕ್ಷರ. ಯುನಿಕೋಡ್‌ನಲ್ಲಿ 6 ಸಂಕೇತ, 18 ಬೈಟ್. ಬೈಟ್ ಎಣಿಸಿ ಕತ್ತರಿಸಿದರೆ ಸಂಕೇತವೇ ಮುರಿದು ಇಡೀ ಎಕ್ಸ್‌ಎಂಎಲ್ ಕೆಡಬಹುದು. ಸಂಕೇತ ಎಣಿಸಿ ಕತ್ತರಿಸಿದರೆ ಫೀಡ್ ಉಳಿಯುತ್ತದೆ, ಆದರೆ ಸಾಲಿನ ಕೊನೆಗೆ "ಸ್ತ್" ನೇತಾಡುತ್ತದೆ. ಪದದ ನಡುವಿನ ಖಾಲಿ ಜಾಗದಲ್ಲೇ ನಿಲ್ಲಿಸಿ.

ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೀತೀನಿ. ಭಾಷೆ ಅಂತ ಯಾವುದನ್ನ ಹಾಕಲಿ?

ಆರ್‌ಎಸ್‌ಎಸ್‌ನಲ್ಲಿ ಭಾಷೆ ಇರುವುದು ಚಾನೆಲ್ ಮಟ್ಟದಲ್ಲಿ ಮಾತ್ರ, ಒಂದು ಫೀಡಿಗೆ ಒಂದು. ಕನ್ನಡದ ಸಂಕೇತ ಕೆಎನ್ ಎಂದು ಹಾಕಿದರೆ ಇಂಗ್ಲಿಷ್ ಬರಹಕ್ಕೂ ಅದೇ ಅನ್ವಯ. ಆಟಮ್ ಭಾಷೆಗೆಂದು ಬೇರೆ ಎಲಿಮೆಂಟನ್ನೇ ಮಾಡಲಿಲ್ಲ, ಏಕೆಂದರೆ ಎಕ್ಸ್‌ಎಂಎಲ್‌ನಲ್ಲೇ ಲ್ಯಾಂಗ್ ಎಂಬ ಗುಣ ಇದೆ. ಫೀಡಿಗೆ ಕೆಎನ್ ಎಂದಿಟ್ಟು ಒಂದು ಎಂಟ್ರಿಗೆ ಮಾತ್ರ ಇಎನ್ ಎನ್ನಬಹುದು. ಎಂಟ್ರಿಯೊಳಗಿನ ಸಾರಾಂಶಕ್ಕೆ ಬೇರೆಯೇ ಭಾಷೆ ಹೇಳಬಹುದು. ಫಾಂಟ್ ಆರಿಸುವುದಕ್ಕೂ, ಬರಹವನ್ನು ಓದಿ ಹೇಳುವ ತಂತ್ರಾಂಶ ಸರಿಯಾದ ದನಿ ಹಿಡಿಯುವುದಕ್ಕೂ ಇದು ನೆರವು. ಜೇಸನ್ ಫೀಡ್ ಭಾಷೆಯನ್ನು ಸೇರಿಸಿಕೊಂಡದ್ದು 2020ರ 1.1 ಆವೃತ್ತಿಯಲ್ಲಿ.

ವಿಭಾಗದ ಹೆಸರು ಕನ್ನಡದಲ್ಲಿ ಕೊಡಬಹುದಾ?

ಧಾರಾಳವಾಗಿ. ಆಟಮ್‌ನ ಕೆಟಗರಿಯಲ್ಲಿ ಯಂತ್ರಕ್ಕೆ ಟರ್ಮ್, ಮನುಷ್ಯರಿಗೆ ಲೇಬಲ್. ಟರ್ಮ್ ಒಮ್ಮೆ ಇಟ್ಟದ್ದನ್ನು ಬದಲಿಸಬೇಡಿ. ಲೇಬಲ್ ಇವತ್ತು "ಅಡುಗೆ", ನಾಳೆ "ಅಡುಗೆ-ತಿಂಡಿ" ಆದರೂ ಏನೂ ಮುರಿಯುವುದಿಲ್ಲ.

ಲೋಗೊ, ಐಕಾನ್, ಹಕ್ಕುಸ್ವಾಮ್ಯ, ಜನರೇಟರ್ ಇವೆಲ್ಲ?

ಐಕಾನ್ ಹಾಕಿ, ರೀಡರ್‌ಗಳು ಪಟ್ಟಿಯಲ್ಲಿ ತೋರಿಸುತ್ತವೆ. ಆಟಮ್ ಐಕಾನ್ ಚೌಕವಾಗಿರಲಿ, ಲೋಗೊ ಎತ್ತರದ ಎರಡರಷ್ಟು ಅಗಲವಿರಲಿ ಎನ್ನುತ್ತದೆ. ಹಕ್ಕುಸ್ವಾಮ್ಯ ಒಂದು ಸಾಲು ಸಾಕು. ಜನರೇಟರ್ ಇದ್ದರೆ ಕೆಟ್ಟ ಫೀಡ್ ಯಾವ ಸಾಫ್ಟ್‌ವೇರಿನದ್ದೆಂದು ಪತ್ತೆಮಾಡಲು ಅನುಕೂಲ, ಓದುಗರಿಗಲ್ಲ.

## ಒಳಹೊಕ್ಕು ನೋಡುವವರಿಗೆ

ಆರ್‌ಎಸ್‌ಎಸ್ ಪಟ್ಟಿಯಲ್ಲಿ ಟೆಕ್ಸ್ಟ್‌ಇನ್‌ಪುಟ್, ಸ್ಕಿಪ್‌ಅವರ್ಸ್ ಅಂತೆಲ್ಲ ಇದೆ. ಅದನ್ನ ಯಾರಾದ್ರೂ ಬಳಸ್ತಾರಾ?

ಟೆಕ್ಸ್ಟ್‌ಇನ್‌ಪುಟ್‌ನ ಉದ್ದೇಶ ಒಂದು ಒಗಟು, ಹೆಚ್ಚಿನ ರೀಡರ್‌ಗಳು ಅದನ್ನು ಕಡೆಗಣಿಸುತ್ತವೆ ಎಂದು ಆರ್‌ಎಸ್‌ಎಸ್ 2.0ರ ನಿಯಮಾವಳಿಯೇ ಹೇಳುತ್ತದೆ! ಆದರೂ ತೆಗೆಯಲಿಲ್ಲ, ತೆಗೆದರೆ ಹಳೆಯ ಫೀಡುಗಳು ನಿಯಮ ತಪ್ಪಿದಂತಾಗುತ್ತವೆ. ರೇಟಿಂಗ್ ಎಂಬುದು ಪಿಕ್ಸ್ ಎಂಬ ವಿಷಯ ವರ್ಗೀಕರಣ ಪದ್ಧತಿಗಾಗಿ ಇದ್ದದ್ದು, ಆ ಪದ್ಧತಿಯೇ ಮೂಲೆಗೆ ಸೇರಿತು. ಒಳಗೆ ಬಂದ ಎಲಿಮೆಂಟ್ ಹೊರಗೆ ಹೋಗುವುದಿಲ್ಲ. ಸೇರಿಸುವಾಗಿನ ಜಿಪುಣತನಕ್ಕೆ ಇಷ್ಟು ಕಾರಣ ಸಾಕು.

ಸ್ಕಿಪ್‌ಅವರ್ಸ್, ಸ್ಕಿಪ್‌ಡೇಸ್, ಟಿಟಿಎಲ್ ಈ ಮೂರೂ "ಯಾವಾಗ ಬಂದು ನೋಡಬೇಕು" ಎಂದು ರೀಡರ್‌ಗೆ ಹೇಳಲು ಇದ್ದವು. ಆ ಕೆಲಸ ಎಚ್‌ಟಿಟಿಪಿಯದು. ಕ್ಯಾಶ್ (ಒಮ್ಮೆ ಇಳಿಸಿಕೊಂಡ ಪ್ರತಿ) ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಎಂಬುದನ್ನು ಅದರ ಹೆಡರ್ ಹೇಳುತ್ತದೆ. ಏನೂ ಬದಲಾಗಿಲ್ಲದಿದ್ದರೆ ಇಟ್ಯಾಗ್ (ಫೈಲಿನ ಆವೃತ್ತಿಯ ಗುರುತು) ನೋಡಿ ಸರ್ವರ್ 304, ಅಂದರೆ ಬದಲಾಗಿಲ್ಲ, ಎಂದು ಉತ್ತರ ಕೊಡುತ್ತದೆ. ಟಿಟಿಎಲ್ ಓದಬೇಕಾದರೆ ಮೊದಲು ಫೀಡನ್ನೇ ಇಳಿಸಿಕೊಳ್ಳಬೇಕು. ಆಟಮ್ ಇವುಗಳಲ್ಲಿ ಒಂದನ್ನೂ ತಿರುಳಿಗೆ ತೆಗೆದುಕೊಳ್ಳಲಿಲ್ಲ.

ನಮಗೆ ಬೇಕಾದ ಮಾಹಿತಿಗೆ ಎಲಿಮೆಂಟೇ ಇಲ್ಲ. ನಾವೇ ಒಂದು ಸೇರಿಸಿಕೊಂಡ್ರೆ ತಪ್ಪಾ?

ತಪ್ಪಲ್ಲ, ನೇಮ್‌ಸ್ಪೇಸ್ ಇರುವುದೇ ಅದಕ್ಕೆ. ಗುರುತಿಲ್ಲದ ಎಲಿಮೆಂಟ್ ಕಂಡಿತೆಂದು ಆಟಮ್ ಓದುವ ತಂತ್ರಾಂಶ ಕೈಚೆಲ್ಲುವಂತಿಲ್ಲ, ದಾಟಿಕೊಂಡು ಮುಂದೆ ಹೋಗಬೇಕು. ಜೇಸನ್ ಫೀಡ್‌ನಲ್ಲಿ ಹೆಸರಿನ ಮುಂದೆ ಅಂಡರ್‌ಸ್ಕೋರ್ ಹಾಕಿದರಾಯಿತು.

ಪಾಡ್‌ಕಾಸ್ಟ್ ಇದಕ್ಕೆ ಒಳ್ಳೆಯ ಉದಾಹರಣೆ, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ. ಎನ್‌ಕ್ಲೋಷರ್ ಎಂಬ ಒಂದು ಎಲಿಮೆಂಟ್ 0.92ರಲ್ಲೇ ಸೇರಿತ್ತು: ಫೈಲಿನ ವಿಳಾಸ, ಬೈಟ್ ಲೆಕ್ಕದ ಗಾತ್ರ, ಬಗೆ. ಅಷ್ಟರ ಮೇಲೆ ಇಡೀ ಪಾಡ್‌ಕಾಸ್ಟ್ ಲೋಕ ನಿಂತಿತು. 2005ರ ಜೂನ್‌ನಲ್ಲಿ ಆಪಲ್ ಐಟ್ಯೂನ್ಸ್‌ಗೆ ಪಾಡ್‌ಕಾಸ್ಟ್ ತಂದಾಗ ತನ್ನ ಸೂಚಿಗೆ ಬೇಕಾದ ಅವಧಿ, ಚಿತ್ರ, ವರ್ಗ, ಮುಜುಗರದ ಮಾತಿದೆಯೇ ಎಂಬ ಸೂಚನೆಗಳನ್ನು ತನ್ನದೇ ನೇಮ್‌ಸ್ಪೇಸಿನಲ್ಲಿ ಸೇರಿಸಿತು. ಅವಧಿ ಮತ್ತು ಚಿತ್ರ ನಿಜಕ್ಕೂ ಬೇಕಿದ್ದವು. ಕೀವರ್ಡ್ಸ್ ಎಂಬುದನ್ನೂ ಇಟ್ಟಿದ್ದರು, ಆಮೇಲೆ ಅದನ್ನು ಕೈಬಿಟ್ಟರು. ಆದರೆ ಆಪಲ್ ತನ್ನದೇ ಶೀರ್ಷಿಕೆ, ತನ್ನದೇ ಸಾರಾಂಶಗಳನ್ನೂ ತಂದದ್ದರಿಂದ ಒಂದೇ ಮಾತನ್ನು ಒಂದೇ ಐಟಂನಲ್ಲಿ ಮೂರು ಕಡೆ ಬರೆಯುವ ಪರಿಸ್ಥಿತಿ ಬಂತು. ಮೂರರಲ್ಲಿ ಒಂದನ್ನು ತಿದ್ದಿ ಎರಡನ್ನು ಮರೆತ ಫೀಡುಗಳು ಬೇಕಾದಷ್ಟು ಸಿಗುತ್ತವೆ. ತಿರುಳಿನಲ್ಲಿರುವ ಎಲಿಮೆಂಟಿನ ಅರ್ಥ ಸಡಿಲವಾಗಿದ್ದರೆ ಆಗುವುದು ಇದೇ: ಬಂದವರೆಲ್ಲ ತಮ್ಮ ಪ್ರತಿಯನ್ನು ಮಾಡಿಕೊಳ್ಳುತ್ತಾರೆ.

ಹಲವು ಬ್ಲಾಗುಗಳನ್ನ ಸೇರಿಸಿ ಒಂದು ಫೀಡ್ ಮಾಡ್ತಿದ್ದೀವಿ. ಯಾವ ಬರಹ ಎಲ್ಲಿಂದ ಬಂತು ಅನ್ನೋದು ಕಳೆದುಹೋಗಲ್ವಾ?

ಆಟಮ್‌ನ ಸೋರ್ಸ್ ಎಲಿಮೆಂಟ್ ಸರಿಯಾಗಿ ಇದಕ್ಕೇ. ಎಂಟ್ರಿಯನ್ನು ನಕಲು ಮಾಡುವಾಗ ಅದರ ಮೂಲ ಫೀಡಿನ ಐಡಿ, ಶೀರ್ಷಿಕೆ, ದಿನಾಂಕ, ಹಕ್ಕುಸ್ವಾಮ್ಯವನ್ನು ಅದರೊಳಗೇ ಇಡಬೇಕು. ಎಂಟ್ರಿಯಲ್ಲಿ ಲೇಖಕರ ಹೆಸರಿಲ್ಲದೆ ಮೂಲ ಫೀಡಿನ ಮಟ್ಟದಲ್ಲಿ ಮಾತ್ರ ಇದ್ದರೆ ಇದು ಬಹಳ ಮುಖ್ಯ, ಇಲ್ಲದಿದ್ದರೆ ಎಲ್ಲ ಬರಹಗಳಿಗೂ ಒಟ್ಟುಗೂಡಿಸಿದವರೇ ಲೇಖಕರಾಗಿಬಿಡುತ್ತಾರೆ. ಎಂಟ್ರಿಯ ಐಡಿಯನ್ನು ಮಾತ್ರ ಮುಟ್ಟಬೇಡಿ. ಅದು ಹಾಗೇ ಇದ್ದರೆ, ಮೂಲ ಬ್ಲಾಗನ್ನೂ ನಿಮ್ಮ ಫೀಡನ್ನೂ ಎರಡನ್ನೂ ಓದುವವರಿಗೆ ಒಂದೇ ಬರಹ ಎರಡು ಸಲ ಕಾಣದಂತೆ ರೀಡರ್ ನೋಡಿಕೊಳ್ಳಬಹುದು.

ಲೈಕ್ ಎಷ್ಟು, ಕಾಮೆಂಟ್ ಎಷ್ಟು ಅನ್ನೋದನ್ನೂ ಫೀಡಲ್ಲೇ ಹಾಕಿದ್ರೆ ಚೆನ್ನಾಗಿರಲ್ವಾ?

ಕಾಮೆಂಟ್ ಎಲ್ಲಿದೆ ಎಂದು ಹೇಳುವುದು ಒಂದು, ಎಷ್ಟಿದೆ ಎಂದು ಹೇಳುವುದು ಇನ್ನೊಂದು. ಮೊದಲನೆಯದು ಬದಲಾಗುವುದಿಲ್ಲ, ಆರ್‌ಎಸ್‌ಎಸ್‌ನಲ್ಲಿ ಅದಕ್ಕೆ ಕಾಮೆಂಟ್ಸ್ ಎಂಬ ಎಲಿಮೆಂಟ್ ಇದೆ, ಹಾಕಿ. ಎಣಿಕೆ ಗಂಟೆಗೊಮ್ಮೆ ಬದಲಾಗುತ್ತದೆ. ಆಟಮ್ ಅದನ್ನು ತಿರುಳಿನಿಂದ ಹೊರಗಿಟ್ಟಿತು. 2006ರಲ್ಲಿ ಬಂದ ಆರ್‌ಎಫ್‌ಸಿ 4685 ಉತ್ತರಗಳ ಕೊಂಡಿಗೆ ಎಣಿಕೆಯನ್ನು ಒಂದು ಐಚ್ಛಿಕ ಗುಣವಾಗಿ ಜೋಡಿಸಿತು. ಹಾಕಲೇಬೇಕು ಎಂದಿದ್ದರೆ ಆ ದಾರಿಯಲ್ಲಿ ಹಾಕಿ, ಎಣಿಕೆ ಬದಲಾಯಿತೆಂದು ಅಪ್‌ಡೇಟೆಡ್ ದಿನಾಂಕವನ್ನು ಮುಟ್ಟಬೇಡಿ. ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಪ್ರತಿ ಲೈಕ್‌ಗೂ ಫೈಲಿನ ಬೈಟುಗಳು ಬದಲಾಗುತ್ತವೆ, ಅದರೊಂದಿಗೆ ಇಟ್ಯಾಗ್ ಕೂಡ. 304 ಎಂದು ಎರಡು ಸಾಲಿನಲ್ಲಿ ಮುಗಿಯಬೇಕಿದ್ದ ಉತ್ತರದ ಬದಲು, ಹೊಸ ಬರಹ ಒಂದೂ ಇಲ್ಲದ ದಿನವೂ ಎಲ್ಲ ರೀಡರ್‌ಗಳೂ ಇಡೀ ಫೀಡನ್ನು ಮತ್ತೆ ಮತ್ತೆ ಇಳಿಸಿಕೊಳ್ಳುತ್ತವೆ.